ಒಂದು ನಿಮಿಷದ ಪ್ರಾಣಿಗಳು

ಆಸ್ಪತ್ರೆಯ ಮೇಡಂ ಸ್ಟಾಪ್‌ವಾಚ್ ಒತ್ತಿದರೋ ಇಲ್ಲವೋ, ಅವನ ಬಾಯಿಂದ ಪ್ರಾಣಿಗಳು ಹೊರಟೇಬಿಟ್ಟವು.

"ಆನೆ, ಕುದುರೆ, ಒಂಟೆ, ಕತ್ತೆ, ಕರಡಿ, ನರಿ, ತೋಳ..."

ಅರಳು ಹುರಿದ ಹಾಗೆ ಮಾತು! ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಬ್ಯಾಗನ್ನು ಎದೆಗೊತ್ತಿಕೊಂಡು ಕೂತಿದ್ದಳು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ಎನ್ನುವುದೇ ಪರೀಕ್ಷೆ. ನೋಡಿದರೆ ಮಕ್ಕಳಾಟ. ಆದರೆ ಮಿದುಳು ಪದಗಳನ್ನು ಹುಡುಕಿ ತರಲು ಎಷ್ಟು ಒದ್ದಾಡುತ್ತಿದೆ ಎಂಬುದು ಅದರಲ್ಲೇ ಗೊತ್ತಾಗುತ್ತದಂತೆ. ಆರು ತಿಂಗಳ ಹಿಂದೆ ಅವನಿಗೆ ಬಂದದ್ದು ಒಂಬತ್ತೇ ಒಂಬತ್ತು. ಇವತ್ತೂ ಹಾಗೇ ಆದರೆ ಗಾಡಿ ಓಡಿಸಬಹುದು ಎಂಬ ಪತ್ರವನ್ನು ಡಾಕ್ಟರು ಕೊಡುವುದಿಲ್ಲ. ಪತ್ರ ಇಲ್ಲದಿದ್ದರೆ ಸೋಮವಾರದಿಂದ ಶಾಲೆಯವರು ವ್ಯಾನ್ ಮುಟ್ಟಲೂ ಬಿಡುವುದಿಲ್ಲ.

ಇಪ್ಪತ್ತಾರು ವರ್ಷ ಓಡಿಸಿದ ವ್ಯಾನು ಅದು. ಅದೇ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅವಳು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲೇ ಅವರ ಪ್ರೀತಿ ನಡೆದದ್ದು. ಮಕ್ಕಳ ತಲೆಗಳನ್ನು ದಾಟಿ ಅವನ ಕಣ್ಣು ಅವಳ ಮೇಲೆ ಬಂದು ನಿಲ್ಲುತ್ತಿತ್ತು, ಹುಬ್ಬೊಂದು ಮೇಲೇರುತ್ತಿತ್ತು.

"ರಸ್ತೆ ನೋಡ್ರೀ," ಎಂದು ಗದರುತ್ತಿದ್ದಳು.

"ರಸ್ತೆ ಎಲ್ಲಿಗೆ ಓಡಿ ಹೋಗತ್ತೆ?"

ಪುಣ್ಯಾತ್ಮ, ನಲವತ್ತಾರರ ಹೆಂಗಸಿನ ಕೆನ್ನೆ ಕೆಂಪೇರಿಸಿದ. ಮದುವೆಯಾಗಿ ಎರಡು ವರ್ಷ ಕೂಡ ತುಂಬಿಲ್ಲ. ಅಷ್ಟರಲ್ಲೇ ಈ ಹಾಳು ಮರೆವಿನ ಕಾಯಿಲೆ.

ತಿಂಗಳಿಂದ ಅವನಿಗೆ ಉರು ಹೊಡೆಸಿದವಳು ಅವಳೇ. ಹದಿನೆಂಟು ಮಕ್ಕಳು, ಹದಿನೆಂಟು ಗೇಟು, ಗೇಟಿಗೊಂದು ಪ್ರಾಣಿ. ಬೇಕರಿ ತಿರುವಿನಲ್ಲಿ ಆನೆ, ಹಲ್ಲಿನ ಡಾಕ್ಟರ ಮನೆಮುಂದೆ ಕುದುರೆ. ಆ ದಾರಿ ಅವನಿಗೆ ನಿದ್ದೆಯಲ್ಲೂ ಗೊತ್ತು. ಮನಸ್ಸಿನಲ್ಲೇ ವ್ಯಾನ್ ಓಡಿಸಿಕೊಂಡು ಹೋದರೆ ಸಾಕಿತ್ತು, ಹೆಸರುಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

"ಹದಿನೆಂಟು!" ಮೇಡಂ ನಕ್ಕರು. "ಎಷ್ಟು ಸುಧಾರಿಸಿದೀರಿ! ಪತ್ರಕ್ಕೆ ಡಾಕ್ಟರ ಹತ್ರ ನಾನೇ ಹೇಳ್ತೀನಿ."

ಅವನು ಅವಳ ಕಡೆ ತಿರುಗಿ ಹುಬ್ಬು ಹಾರಿಸಿದ.

ಹೋದ ಗುರುವಾರ ಅವನು ಕೆಂಪು ದೀಪ ನೋಡಿಯೂ ವ್ಯಾನನ್ನು ನುಗ್ಗಿಸಿದ್ದ. ಲಾರಿಯೊಂದು ಕಿರ್ರೆಂದು ಅವನ ಬಾಗಿಲಿಗೆ ಗೇಣು ದೂರದಲ್ಲಿ ನಿಂತಿತು. ಡ್ರೈವರಣ್ಣ ತಮಾಷೆ ಮಾಡಿದರು ಎಂದುಕೊಂಡು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವನು ಬೆವರುತ್ತಾ ಕೇಳಿದ್ದ: "ಕೆಂಪು ಅಂದ್ರೆ ಹೋಗೋದಲ್ವೇನೇ?" ಅವಳು ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ.

ಈಗಲೂ ಸುಮ್ಮನಿದ್ದರೆ ಆಯಿತು. ಪತ್ರ ಸಿಗುತ್ತದೆ. ಅವನ ಮುಖದ ಈ ಕಳೆ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ಹದಿನೆಂಟು ಮಕ್ಕಳು ಚೀಲ ಬೆನ್ನಿಗೇರಿಸಿ ಗೇಟಿನಲ್ಲಿ ನಿಂತಿರುತ್ತಾರೆ.

"ಮೇಡಂ," ಎಂದಳು. "ಅದು ಬಾಯಿಪಾಠ. ನಾನೇ ಮಾಡಿಸಿದ್ದು. ತಪ್ಪಾಯ್ತು." ಆಮೇಲೆ ಗುರುವಾರದ್ದನ್ನೂ ಹೇಳಿದಳು.

ಅವನು ಅವಳನ್ನು ನೋಡಲಿಲ್ಲ. ಮೇಡಂ ಬೈಯಲೂ ಇಲ್ಲ. ಹೊಸ ಹಾಳೆ ತೆಗೆದರು. "ಈಗ ತರಕಾರಿ ಹೆಸರು ಹೇಳಿ. ಒಂದು ನಿಮಿಷ."

"ಆಲೂಗಡ್ಡೆ... ಈರುಳ್ಳಿ... ಕ್ಯಾರೆಟ್..." ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಈರುಳ್ಳಿ..."

ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು. ದಿನವಿಡೀ ವಟವಟ ಎನ್ನುತ್ತಿದ್ದ ಮನುಷ್ಯ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಸಣ್ಣ ದನಿಯಲ್ಲಿ "ಕುದುರೆ" ಎಂದ. ಯಾರೂ ನಗಲಿಲ್ಲ. ಮೇಡಂ ಬರೆದುಕೊಂಡರು.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಇಬ್ಬರೂ ಕೂತರು.

"ಹಿಡಿದು ಕೊಟ್ಬಿಟ್ಯಲ್ಲೇ ನನ್ನ," ಎಂದ.

"ಹೌದು. ಕೊಟ್ಟೆ."

"ಇನ್ನು ಮನೇಲಿ ಕೂತು ಏನು ಮಾಡ್ಲಿ? ಗೋಡೆ ನೋಡ್ಲಾ?"

"ಬೈರಿ, ಎಷ್ಟು ಬೇಕಾದ್ರೂ ಬೈರಿ. ಆ ಮಕ್ಕಳಿಗೆ ಏನಾದ್ರೂ ಆಗಿದ್ರೆ? ಲಾರಿ ಬಂದಿದ್ದು ನಿಮ್ಮ ಕಡೆಯಿಂದ ರೀ. ನಿಮ್ಮನ್ನ ಕಳ್ಕೊಂಡು ನಾನು ಬದುಕ್ತೀನಾ?" ಅವಳಿಗೆ ಅಳು ತಡೆಯಲಾಗಲಿಲ್ಲ.

ಅವನು ತನ್ನ ಕರ್ಚೀಫು ಕೊಟ್ಟ. ಆಮೇಲೆ ಕೇಳಿದ: "ಮುಂದೆ ಒಂದಿನ ನೀನ್ಯಾರು ಅಂತ ಕೇಳ್ತೀನೇನೋ?"

"ಕೇಳಿ. ನಿಮ್ಮ ಹೆಂಡ್ತಿ ಅಂತೀನಿ."

"ನಂಬದಿದ್ರೆ?"

"ನಂಬದಿದ್ರೆ ಹೊಸದಾಗಿ ಲೈನ್ ಹೊಡೀರಿ. ಸತಾಯಿಸಲ್ಲ, ಒಪ್ಕೋತೀನಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಒಂದು ಮಾತು ಹೇಳ್ತೀನಿ, ಬಾಯಿಗೆ ಬರೋವಾಗ್ಲೇ. ನೀನಂದ್ರೆ ನಂಗೆ ಪ್ರಾಣ ಕಣೇ. ಯಾವತ್ತೂ ಹೇಳಿರ್ಲಿಲ್ಲ."

"ಗೊತ್ತಿತ್ತು ರೀ."

"ಗೊತ್ತಿರ್ಲಿ. ಹೇಳ್ಬೇಕಿತ್ತು." ಅವನು ಜೇಬಿನಿಂದ ವ್ಯಾನಿನ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ. ತುಂಬ ಹೊತ್ತು ಕೈ ತೆಗೆಯಲಿಲ್ಲ.