ಇಪ್ಪತ್ತೆಂಟೂಕಾಲು ಇಂಚಿನ ಹುಡುಗಿ

“ಇದ್ಯಾವ ಹುಡುಗಿ ಅಳತಿ ಬೇ?” ಟೇಲರ್ ರಸೂಲಸಾಬ ಚೀಟಿಯನ್ನು ಕಣ್ಣಿಗೇ ಅಂಟಿಸಿಕೊಂಡು ಕೇಳಿದ.

“ಎಂಟೂ ಮಂದೀದರಿ ಅಜ್ಜಾ,” ಎಂದಳು ಐದನೇ ಇಯತ್ತೆಯ ಹುಲಿಗೆವ್ವ. “ಶಂಕರೆಪ್ಪ ಮಾಸ್ತರು ಎಲ್ಲಾರ ಸೊಂಟದಿಂದ ಪಾದದ ತನಕ ಅಳತಿ ಕೂಡಿಸಿ ಎಂಟರಿಂದ ಭಾಗಿಸ್ಯಾರ. ಸರಾಸರಿ ಇಪ್ಪತ್ತೆಂಟೂಕಾಲು ಇಂಚು. ಎಂಟೂ ಪರಕಾರ ಅಷ್ಟ ಉದ್ದ ಹೊಲೀಬೇಕಂತ.”

ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಎಂಟು ಹುಡುಗಿಯರ ಲೇಜಿಮ್ ಕುಣಿತ ಇತ್ತು. ಪರಕಾರ, ಅಂದರೆ ಲಂಗ, ಸರಿಹೊಂದದವರು ಆಡುವಂತಿಲ್ಲ ಎಂದು ಮಾಸ್ತರು ಹೇಳಿಬಿಟ್ಟಿದ್ದರು. ಹುಲಿಗೆವ್ವ ಎಲ್ಲರಿಗಿಂತ ಉದ್ದ. ಅವತ್ತಿನಿಂದ ಮೊಣಕಾಲು ಬಗ್ಗಿಸಿಯೇ ನಡೆಯುತ್ತಿದ್ದಳು.

ದೇಶಕ್ಕೆಲ್ಲ ಮೀಟರು ಬಂದಿದ್ದರೂ ಇಬ್ರಾಹಿಂಪುರದ ರಸೂಲಸಾಬನ ಟೇಪಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಆ ಇಂಚಿನ ಟೇಪನ್ನೇ ಅವಳ ಕೊರಳಿಗೆ ಹಾಕಿದ. “ನಾ ಚೀಟಿಗೆ ಅರಿವಿ ಹೊಲಿಯೂದಿಲ್ಲವಾ, ಮಂದಿಗೆ ಹೊಲೀತೀನಿ. ಆ ಇಪ್ಪತ್ತೆಂಟೂಕಾಲಿನ ಹುಡುಗಿನ್ನ ಕರ್ಕೊಂಡ ಬಾ.”

ಹೇಗಿರಬಹುದು ಆ ಹುಡುಗಿ? ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಹುಲಿಗೆವ್ವನಿಗೆ ಆಕೆಯನ್ನು ನೋಡುವ ಮೊದಲೇ ಹೊಟ್ಟೆಕಿಚ್ಚಾಯಿತು.

ಲೇಜಿಮ್ ಗುಂಪಿನ ಸಕೀನಾಳಿಂದ ಶುರು ಮಾಡಿದಳು. ಇಪ್ಪತ್ನಾಲ್ಕು!

“ಸಂಜೀತನಾ ತಡೀ, ಬೆಳೀತೇನಿ,” ಎಂದಳು ಸಕೀನಾ.

ಮಾಳವ್ವನದು ಇಪ್ಪತ್ತೇಳು. “ಉಸರು ಬಿಗಿಹಿಡಿ!”

“ಉಸರು ಹಿಡದ್ರ ಕಾಲ ಉದ್ದ ಆಗತಾವೇನಬೇ?”

ಪೀರಾಂಬಿಯದು ಮೂವತ್ತು. ಉಳಿದವರನ್ನೂ ಅಳೆದಳು. ಆ ಹುಡುಗಿ ಸಿಗಲೇ ಇಲ್ಲ.

ಸಂಜೆ ಅಂಗಡಿಗೆ ಹೋದರೆ, ಮಾಸ್ತರು ಅಲ್ಲೇ ಕೂತಿದ್ದರು.

“ಆಕಿ ಸಿಗಲಿಲ್ರಿ ಸರ್.”

“ಯಾರು?”

“ಸರಾಸರಿ ಹುಡುಗಿರಿ. ನಮ್ಮ ಎಂಟು ಮಂದ್ಯಾಗ ಆಕಿ ಇಲ್ಲೇ ಇಲ್ಲ. ಇಲ್ಲದಾಕಿಗೆ ಪರಕಾರ ಹೊಲಿಸಿ, ನಾವು ಹೊರಗ ನಿಲ್ಲೂದೇನ್ರಿ?”

ಮಾಸ್ತರು ಕಿವಿ ತುರಿಸಿಕೊಂಡರು. “ಆದ್ರ ಅರಿವಿ ಆ ಲೆಕ್ಕದಾಗ ತಂದೇನಲ್ಲೋ ಸಾಬ?”

“ಅರಿವಿಗೆ ನಿಮ್ಮ ಲೆಕ್ಕಾ ಬರೋಬ್ಬರಿ ಐತ್ರಿ,” ರಸೂಲಸಾಬ ನಕ್ಕ. “ಸಕೀನಾಂದರಾಗ ಉಳದದ್ದು ಈಕೀದಕ್ಕ ಹೋಗ್ತೈತಿ. ಎಲ್ಲಾರಿಗೂ ಸಾಕಾಗ್ತೈತಿ. ಹೊಲಿಯೂದು ಮಾತ್ರ ಒಬ್ಬೊಬ್ಬರಿಗೇ.”

ಮಾಸ್ತರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. “ಹೊಲೀಪಾ ಹಂಗಾದ್ರ. ಎಂಟೂ ಮಂದಿ ಆಡ್ಲಿ.”

ಟೇಪು ಹುಲಿಗೆವ್ವನ ಸೊಂಟದಿಂದ ಪಾದದವರೆಗೆ ಇಳಿಯಿತು.

“ಮೂವತ್ಮೂರು,” ಎಂದ ರಸೂಲಸಾಬ.

“ತಡೀರಿ ಅಜ್ಜಾ, ಇನ್ನೊಮ್ಮೆ ಹಿಡೀರಿ,” ಎಂದು ಹುಲಿಗೆವ್ವ ಮೊಣಕಾಲು ನೆಟ್ಟಗೆ ಮಾಡಿ ನಿಂತಳು.