ಅರಸನ ಹಣೆಯ ಹಾವು

ಪ್ರವಾಹದ ಕಾಲ, ಎರಡನೇ ತಿಂಗಳು, ಹತ್ತೊಂಬತ್ತನೇ ದಿನ. ಬೆಳಗಿನ ಹೊತ್ತು. ನದಿಯ ಪಡುವಣ ದಂಡೆಯ ಠಾಣೆಯಲ್ಲಿ ಅಧಿಕಾರಿ ಪೆಂತು ಆಗಷ್ಟೇ ರೊಟ್ಟಿ ಮುರಿದು ಈರುಳ್ಳಿ ಕಚ್ಚಿದ್ದ. ದೇವಾಲಯದ ವಸ್ತ್ರಾಗಾರದ ಯಜಮಾನ ಉಸರ್ಹತ್ ಏದುಸಿರು ಬಿಡುತ್ತಾ ಒಳಗೆ ಬಂದ.

"ಹಾವು ಹೋಯ್ತು, ಪೆಂತು."

"ಹೋದ್ರೆ ಒಳ್ಳೇದೇ ಅಲ್ವಾ ಸ್ವಾಮಿ? ಕಚ್ಚಲಿಲ್ಲ ತಾನೆ?"

"ತಮಾಷೆ ಬೇಡ. ಅರಸರ ಮೂರ್ತಿ ಹಣೆ ಮೇಲಿನ ಬಂಗಾರದ ನಾಗರ! ನಾಳೆ ಅರಸರೇ ನೋಡೋಕೆ ಬರ್ತಿದ್ದಾರೆ."

ಪೆಂತು ರೊಟ್ಟಿ ಕೆಳಗಿಟ್ಟ. ಕರಣಿಕ ದೂರು ಬರೆದುಕೊಂಡ. ಮೂರ್ತಿಗೆ ಬಾಯಿ ತೆರೆಸುವ ಶಾಸ್ತ್ರ ಮೊನ್ನೆ ಮುಗಿದಿತ್ತು. ಶಾಸ್ತ್ರವಾದ ಮೇಲೆ ಮೂರ್ತಿಗೂ ಜೀವ, ಹಾವಿಗೂ ಜೀವ. ಶಾಸ್ತ್ರ ಮುಗಿಸಿ ಅರ್ಚಕರು ಹೋದ ಮೇಲೆ ಮೂರ್ತಿಯ ಕೋಣೆಗೆ ಕಾಲಿಡುವವರು ಮೂವರೇ: ಉಸರ್ಹತ್, ಬಾಗಿಲು ಕಾಯುವ ನೆಫರ್ಹೊ, ಬಟ್ಟೆ ಮಡಿಸುವ ಖಾಯ್.

"ನೆಫರ್ಹೊನನ್ನ ಆಗಲೇ ಹಿಡಿದಿದ್ದೀವಿ. ಅಂಗಾಲಿಗೆ ಕೋಲು ಬೀಳ್ತಿದೆ. ಬಾಯಿ ಬಿಡ್ತಾನೆ," ಎಂದ ಉಸರ್ಹತ್.

"ನೋವಿಗೆ ಯಾರು ಬೇಕಾದ್ರೂ ಬಾಯಿ ಬಿಡ್ತಾರೆ. ನಿಲ್ಲಿಸಿ."

"ಹಾವು ಬಂದ್ರೆ ಕೋಲು ನಿಲ್ಲುತ್ತೆ."

ದೇವಾಲಯದ ಅಂಗಳದಲ್ಲಿ ಠಾಣೆಯ ಮಾತು ನಡೆಯುವುದಿಲ್ಲ. ಪೆಂತು ಪೇದೆ ಬಕಿಯನ್ನೂ ಕರಣಿಕನನ್ನೂ ಕರೆದುಕೊಂಡು ಬಿರಬಿರನೆ ನಡೆದ.

ಮೂರ್ತಿಯ ತಲೆಗೆ ನೀಲಿ ಪಟ್ಟೆಯ ಬಟ್ಟೆ ಸುತ್ತಿತ್ತು. ಅದರ ಎರಡು ಸೆರಗು ಎರಡು ಭುಜದ ಮೇಲೆ ಇಳಿದಿದ್ದವು. ಹಣೆಯ ಮೇಲೆ ಬಂಗಾರದ ರಣಹದ್ದಿನ ತಲೆಯೊಂದೇ ಉಳಿದಿತ್ತು. ಪಕ್ಕದಲ್ಲಿ ಹಾವಿನ ಜಾಗ ಬೋಳು. ಕೋಣೆಯಾಚೆ ಎಲ್ಲೋ ಕೋಲಿನ ಸದ್ದು. ಪ್ರತಿ ಏಟಿಗೂ ಬಕಿ ಕಣ್ಣು ಮುಚ್ಚುತ್ತಿದ್ದ. ಅವನು ಮರುಭೂಮಿಯ ಹುಡುಗ, ಊರಿನ ಶಾಸ್ತ್ರಗಳು ಅವನಿಗೆ ಹೊಸವು.

"ಅಣ್ಣಾ, ಒಂದೇ ತಲೆಗೆ ಎರಡು ಪ್ರಾಣಿ ಯಾಕೆ?"

"ಹದ್ದು ದಕ್ಷಿಣದ ತಾಯಿ, ಹಾವು ಉತ್ತರದ ತಾಯಿ. ನಾಡು ಎರಡು, ಅರಸ ಒಬ್ಬ. ವೈರಿ ಬಂದ್ರೆ ಹಾವು ಬೆಂಕಿ ಉಗುಳುತ್ತೆ. ಅದು ಕಾವಲು ಕಣಯ್ಯ, ಒಡವೆ ಅಲ್ಲ."

ಪೆಂತು ಮಂಡಿಯೂರಿ ನೆಲ ನೋಡಿದ. ಪೂಜೆ ಮುಗಿಸಿ ಹೊರಡುವಾಗ ಅರ್ಚಕರು ತಮ್ಮ ಹೆಜ್ಜೆ ತಾವೇ ಗುಡಿಸಿಕೊಂಡು ಹೋಗುವುದು ವಾಡಿಕೆ. ಮೂರ್ತಿಯ ಮುಂದಿನ ಮರಳಿನಲ್ಲಿ ಪೊರಕೆಯ ಗೆರೆ ಹಾಗೇ ಇತ್ತು. ಗೋಡೆಗೆ ಒತ್ತಿ ಬೇರೆ ಹೆಜ್ಜೆ ಗುರುತು: ಯಾರೋ ಮೂರ್ತಿಯ ಹಿಂದಕ್ಕೆ ಹೋಗಿದ್ದರು. ಹಾವಿನ ಬಾಲ ನೆತ್ತಿ ದಾಟಿ ಹಿಂದೆ ಇಳಿಯುವ ಕಡೆ, ಅದನ್ನು ಬಟ್ಟೆಗೆ ಸೇರಿಸಿದ್ದ ಹೊಲಿಗೆಯನ್ನು ಕತ್ತರಿಸಿದ್ದರು. ಕಂಡದ್ದನ್ನೆಲ್ಲ ಕರಣಿಕನಿಂದ ಮಹಜರಿನಲ್ಲಿ ಬರೆಸಿದ.

"ಬಕಿ, ಚಿನ್ನದ ಕಳ್ಳ ಆಗಿದ್ರೆ ಹದ್ದನ್ನ ಬಿಡ್ತಿದ್ನಾ? ಅದೇ ಹೆಚ್ಚು ಭಾರ. ಮುಂದೆ ನಿಂತು ಕಿತ್ಕೊಳ್ಳೋದೂ ಸುಲಭ. ಇವನು ಹಾವಿನ ಕಣ್ಣಿಗೆ ಬೀಳ್ದೆ ಹಿಂದಿನಿಂದ ಎಳ್ಕೊಂಡಿದ್ದಾನೆ."

"ಹೆದರಿಕೆ ಇದ್ದವನು ಕದಿಯೋದು ಯಾಕೆ?"

"ಅದೇ ನನಗೂ ತಲೆ ತಿಂತಿರೋದು. ಹೆದರೋವನು ಅದನ್ನ ಕರಗಿಸೋದಿಲ್ಲ. ಅವನಿಗೆ ಬೇಕಿರೋದು ಕಾವಲು."

ಮಧ್ಯಾಹ್ನ ಕೆಲಸಗಾರರ ಓಣಿ. ನೆಫರ್ಹೊನ ಮನೆ ಶೋಧಿಸಿದರು, ಒಂದು ಚೂರು ಬಂಗಾರವೂ ಸಿಗಲಿಲ್ಲ. ಅವನ ಹೆಂಡತಿ ಬಾಗಿಲಲ್ಲಿ ಕೂತು ಪೆಂತುವನ್ನೇ ನೋಡುತ್ತಿದ್ದಳು. ಆ ನೋಟ ತಾಳಲಾರದೆ ಅವನು ಹೊರಗೆ ಬಂದ.

ಓಣಿಯಲ್ಲಿ ಮಕ್ಕಳ ಆಟ. ಒಬ್ಬನ ತಲೆ ಮೇಲೆ ಉದ್ದನೆಯ ಬಿಳಿ ಸೋರೆಬುರುಡೆ, ಇನ್ನೊಬ್ಬಳ ತಲೆ ಮೇಲೆ ಕೆಂಪು ಬುಟ್ಟಿ.

"ನೀನ್ಯಾರಪ್ಪ?" ಪೆಂತು ಕೇಳಿದ.

"ದಕ್ಷಿಣದ ಅರಸ. ಬಿಳಿ ಕಿರೀಟ ಕಾಣಲ್ವಾ?"

"ನಾನು ಉತ್ತರದ ಅರಸ. ಕೆಂಪು," ಎಂದಳು ಹುಡುಗಿ. "ಬುಟ್ಟಿ ಮೇಲೆ ಬುರುಡೆ ಇಟ್ರೆ ಇಡೀ ನಾಡು. ಆದ್ರೆ ಇವನು ಕೊಡಲ್ಲ, ಜಿಪುಣ!"

"ನಿನ್ನ ಹೇನು ಹತ್ತುತ್ತೆ, ಹೋಗೇ!"

ಹುಡುಗಿ ಬುಟ್ಟಿಗೆ ಒಂದು ಮಣ್ಣಿನ ಹಾವಿನ ತಲೆಯನ್ನು ನಾರಿನಿಂದ ಕಟ್ಟಿದ್ದಳು. ಪೆಂತು ಬಗ್ಗಿ ನೋಡಿದ. ಕೆಟ್ಟ ಕನಸು ಬಾರದಿರಲೆಂದು ಕೋಣೆಯ ನಾಲ್ಕು ಮೂಲೆಗೆ ಇಡುವ ಹಾವು. ಮನೆಯಲ್ಲಿ ಯಾರೂ ಅದನ್ನು ಬಿಸಾಡುವುದಿಲ್ಲ.

"ಇದು ಎಲ್ಲಿ ಸಿಕ್ತು ತಾಯಿ?"

"ಕಸದಲ್ಲಿ. ಖಾಯ್ ಮಾವ ಎಲ್ಲಾ ಒಡೆದು ಎಸೆದ್ರು. ಕೆಲಸಕ್ಕೆ ಬಾರದ ಹಾವು ಅಂತ ಬೈದ್ರು."

ಖಾಯ್‌ನ ಮನೆ ಓಣಿಯ ಕೊನೆಯಲ್ಲಿತ್ತು. ಅವನು ಹೊಸ್ತಿಲಲ್ಲೇ ಕೂತಿದ್ದ. ಇವರನ್ನು ಕಂಡು ತುಟಿಗೆ ಬೆರಳಿಟ್ಟ.

"ಮೆಲ್ಲಗೆ, ಅಣ್ಣ. ಮಗು ಮಲಗಿದೆ."

ಒಳಗೆ ಚಾಪೆಯ ಮೇಲೆ ಐದಾರು ವರ್ಷದ ಹುಡುಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕಣ್ಣ ಸುತ್ತ ಕಪ್ಪು. ತಲೆಯ ಹಿಂದೆ ಅರಸನ ಹಾವು, ಬಾಗಿಲಿನ ಕಡೆ ಹೆಡೆಯೆತ್ತಿ. ಬಕಿ ತಟ್ಟನೆ ಪಕ್ಕಕ್ಕೆ ಸರಿದ.

"ಓಡು ಬಕಿ. ಕೋಲು ನಿಲ್ಸು. ಹಾವು ಸಿಕ್ತು ಅನ್ನು."

ಪೆಂತು ಖಾಯ್‌ನ ಪಕ್ಕ ಕೂತ. "ಯಾವಾಗ ತಗೊಂಡೆ?"

"ನಿನ್ನೆ ಸಂಜೆ, ಬಟ್ಟೆ ಮಡಿಸೋ ಹೊತ್ತಲ್ಲಿ."

"ನೆಫರ್ಹೊಗೆ ಏಟು ಬೀಳ್ತಿದ್ದದ್ದು ಗೊತ್ತಿತ್ತಾ?"

"ಇಲ್ಲಿಗೂ ಕೇಳ್ತಿತ್ತು." ಖಾಯ್ ಮುಖ ಮುಚ್ಚಿಕೊಂಡ. "ಇವತ್ತು ಬೆಳಿಗ್ಗೆಯೇ ವಾಪಸ್ ಇಡೋಣ ಅಂತಿದ್ದೆ. ಕೀಳೋದೇನೋ ಹಿಂದಿನಿಂದ ಕಿತ್ತೆ. ಹೊಲಿಯೋಕೆ ಎದುರಿಗೇ ನಿಲ್ಬೇಕಲ್ಲ ಅಣ್ಣ. ಕದ್ದವನು ಅದರ ಮುಖಕ್ಕೆ ಮುಖ ಕೊಟ್ಟು ಹೇಗೆ ನಿಲ್ಲಲಿ?"

ಮಗುವನ್ನು ಎಬ್ಬಿಸಬೇಡಿ ಎಂದಷ್ಟೇ ಕೇಳಿಕೊಂಡ. ಪೆಂತು ಕಾದ. ಕೂತಲ್ಲಿ ಕೂರಲಾಗದೆ ಎದ್ದು ಓಡಾಡಿದ, ಮತ್ತೆ ಕೂತ. ನೆರಳು ಉದ್ದವಾದ ಮೇಲೆ ಹುಡುಗಿ ತಾನಾಗಿ ಎದ್ದು ನೀರು ಕೇಳಿದಳು. ನೀರು ಕೊಟ್ಟ ಪಕ್ಕದ ಮನೆಯ ಅತ್ತೆ ಅವಳನ್ನು ಸೊಂಟಕ್ಕೆತ್ತಿಕೊಂಡು ತನ್ನ ಮನೆಗೆ ಹೋದಳು.

ಅದೇ ದಿನ, ಸೂರ್ಯ ಇಳಿಯುವ ಹೊತ್ತಿಗೆ ಬಂಧನವಾಯಿತು. ಕರಣಿಕ ಹೇಳಿಕೆ ಬರೆದುಕೊಂಡ: ಹೆಂಡತಿ ಬಿತ್ತನೆಯ ಕಾಲದಲ್ಲಿ ತೀರಿಕೊಂಡಳು, ಅಂದಿನಿಂದ ಮಗು ಕಣ್ಣು ಮುಚ್ಚಿದರೆ ಅಮ್ಮ ಬಂದು ಕೈ ಹಿಡಿದು ಕರೆಯುತ್ತಾಳೆ ಎಂದು ಕಿರುಚುತ್ತಿತ್ತು, ಮಣ್ಣಿನ ಹಾವು ಆ ತಾಯಿಯನ್ನು ತಡೆಯಲಿಲ್ಲ, ಅರಸನ ಹಾವು ತಡೆಯಿತು.

ಓಣಿಯಲ್ಲಿ ಜನ ಸೇರಿದ್ದರು. ನೆಫರ್ಹೊನ ನೆಂಟರ ಕೈಯಲ್ಲಿ ಕಲ್ಲುಗಳಿದ್ದವು. ಪೆಂತು ಹಾವನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದ, ಹೆಡೆ ಮುಂದಕ್ಕೆ. ಕೈ ಕಟ್ಟಿದ್ದ ಖಾಯ್‌ನಿಗೆ, "ನನ್ನ ಬೆನ್ನಿಗೆ ಅಂಟಿಕೊಂಡು ಬಾ. ಈಚೆ ಆಚೆ ಹೋಗ್ಬೇಡ," ಎಂದ.

ಹಾವಿನ ಮುಖ ತಿರುಗಿದ ಕಡೆಯೆಲ್ಲ ಜನ ಗೋಡೆಗೆ ಸರಿದರು. ದೇವಾಲಯದ ಬಾಗಿಲ ತನಕ ಒಂದು ಕಲ್ಲೂ ಬೀಳಲಿಲ್ಲ.