ಅವರ ಹೆಸರೊಂದು ಬಿಟ್ಟು

ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರಿಗೆ ನಾಗನಾಥನ ರೇಡಿಯೋ ರಿಪೇರಿ ಅಂಗಡಿ. ಒಳಗೆ ಅಣ್ಣ ರೇಡಿಯೋ ಬಿಚ್ಚಿಕೊಂಡು ಕೂತರೆ, ಮುಂದೆ ತಂಗಿ ತುಳಜಾ ಕ್ಯಾಸೆಟ್ ಮಾರುತ್ತಿದ್ದಳು. 1984ರ ಆ ಬೆಳಿಗ್ಗೆ ಅಂಗಡಿಯ ಟೇಪಿನಲ್ಲಿ ಬಸವಕಲ್ಯಾಣದ ವೈಜನಾಥನ ಹೊಸ ಹಾಡುಗಳು ಬರುತ್ತಿದ್ದವು. ಅವನೇ ಕಟ್ಟಿದ ಪದ, ಅವನದೇ ಧಾಟಿ, ಜೊತೆಗೆ ಒಂದು ಏಕತಾರಿ, ಅಷ್ಟೇ. ಸೊಲ್ಲಾಪುರದಲ್ಲಿ ರೆಕಾರ್ಡ್ ಮಾಡಿದವರು ಢೋಲಕ್, ಹಾರ್ಮೋನಿಯಂ ಪೇಟಿ ಎಲ್ಲ ಹಾಕೋಣ ಅಂದಿದ್ದರು. ಇವನು ಹಟಮಾರಿ, ಬೇಡವೇ ಬೇಡ ಅಂದಿದ್ದ.

ಈಗ ಆ ಹಟಮಾರಿ ಏಕತಾರಿಯನ್ನು ಹೆಗಲಿಗೆ ಹಾಕಿಕೊಂಡು ಗಿರಾಕಿಗಳ ಬೆನ್ನ ಹಿಂದೆ ಕಳ್ಳನ ಹಾಗೆ ನಿಂತಿದ್ದ. ಸೊಲ್ಲಾಪುರಕ್ಕೆ ಹೊರಟ ದಿನ ಇದೇ ಅಂಗಡಿಯಲ್ಲಿ, "ಕ್ಯಾಸೆಟ್ ಬಂದ ಮ್ಯಾಲ ನಿಮ್ಮಣ್ಣಗ ನಮ್ಮ ಲಗ್ನದ ಮಾತ ಕೇಳ್ಲೇನು?" ಅಂದಿದ್ದ. "ಮೊದಲ ಬರ್ಲಿ, ನೋಡೋಣಂತ" ಎಂದು ತುಳಜಾ ನಕ್ಕಿದ್ದಳು. ಆ ಅರ್ಧ ಮಾತನ್ನೇ ಹೊಟ್ಟೆ ತುಂಬ ಉಂಡುಕೊಂಡು ಬದುಕಿದ್ದ ಪುಣ್ಯಾತ್ಮ.

ಚಿಟಗುಪ್ಪದ ಮುನ್ನಿ ಬೀ, ಅಂಗಡಿಯ ಹಳೇ ಗಿರಾಕಿ, ಹಾಡಿಗೆ ತಲೆದೂಗುತ್ತಿದ್ದಳು. "ವ್ಹಾ! ಎದಿಗೇ ಕೈ ಹಾಕಾಕತ್ತಾನಲ್ಲ! ಯಾರವ್ವಾ ಇವ?"

"ಚಲೋ ಅದ ಅಲ್ರೀ? ತಗೊಳ್ರಿ" ಅಂದಳು ತುಳಜಾ.

"ಹೆಸರೇನು ಅವಂದು?"

"ಕಲ್ಯಾಣದವರ್ರಿ. ಮ್ಯಾಲ ಫೋಟೋ ಅದ ನೋಡ್ರಿ."

ಮತ್ತೊಬ್ಬ ಕೇಳಿದ. "ಏಕತಾರಿಯವ್ರು" ಅಂದಳು. ಬೇರೆ ಕ್ಯಾಸೆಟ್ ಕೇಳಿದವರಿಗೆ ಮಾತ್ರ ಹಾಡಿದವರ ಹೆಸರು, ಊರು ಎಲ್ಲ ಪಟಪಟ ಒದರಿದಳು! ವೈಜನಾಥನಿಗೆ ಅನುಮಾನ ಹತ್ತಿತು. ತನ್ನದೊಂದೇ ಹೆಸರು ಇವಳ ಬಾಯಿಗೆ ಬೇಡವಾಯಿತೇ? ಊರೂರು ತಿರುಗಿ ಹಾಡುವವನು ಅಂತ ನಾಚಿಕೆಯೇ? ಹಾಗಿದ್ದರೆ ಇವಳ ಅಣ್ಣನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ತಡೆಯಲಾಗದೆ ಮುಂದೆ ಬಂದ. ತುಳಜಾ ಕಣ್ಣೆತ್ತಿದಳು, ಕೈಯಲ್ಲಿದ್ದ ಕ್ಯಾಸೆಟ್ ಕೆಳಗೆ ಬಿತ್ತು. ಸೆರಗಿನಿಂದ ಮುಖ ಒರೆಸಿದ್ದೇ ಒರೆಸಿದ್ದು, ಕೆಂಪು ಮಾತ್ರ ಹೋಗಲಿಲ್ಲ.

"ನನ್ನ ಹೆಸರ ಹೇಳಾಕ ಶರಮ್ ಬರ್ತದೇನು?"

ಅವಳು ನೆಲ ನೋಡುತ್ತ, "ಬರ್ತದ್ರಿ" ಅಂದಳು.

ಮುಗಿಯಿತು! "ಆತು ಬಿಡು, ನಾ ಬರ್ತೀನಿ" ಎಂದವನೇ ತಿರುಗಿದ. ಎದುರಿಗೆ ಕಂಡಕ್ಟರ್ "ಕಲ್ಯಾಣ, ಕಲ್ಯಾಣ" ಎಂದು ಕೂಗುತ್ತಿದ್ದ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಮುನ್ನಿ ಬೀ ಅವನ ಅಂಗಿಯ ತುದಿ ಹಿಡಿದು ಜಗ್ಗಿದಳು.

"ಅರೆ ಪಾಗಲ್, ಎಲ್ಲಿಗಿ ಓಡ್ತಿ? ಇಷ್ಟೆಲ್ಲಾ ಪದ ಕಟ್ತಿ, ಇದೊಂದ ತಿಳಿಯಂಗಿಲ್ಲೇನು? ನಾ ನಮ್ಮ ಮನಿಯವರ ಹೆಸರ ಇವತ್ತಿನ ತನಾ ಬಾಯಾಗ ತಂದಿಲ್ಲ. ಹೆಣ್ಮಕ್ಳು ಯಾರ ಹೆಸರ ತಗೊಳ್ಳಂಗಿಲ್ಲ, ಹೇಳು ನೋಡೋಣ!"

ಗಂಡನ ಹೆಸರು! ವೈಜನಾಥ ಮೆಲ್ಲಗೆ ಹಿಂದಿರುಗಿ ನೋಡಿದ. ತುಳಜಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಒಂದು ಕಣ್ಣು ಮಾತ್ರ ಇವನನ್ನೇ ನೋಡುತ್ತಿತ್ತು.

ನಾಗನಾಥ ಸ್ಕ್ರೂಡ್ರೈವರ್ ಹಿಡಿದೇ ಹೊರಗೆ ಬಂದ. "ನಾನೂ ನೋಡೇ ನೋಡಾಕತ್ತೇನಿ. ಲಗ್ನಕ್ಕ ಮೊದಲ ಹೆಸರ ಬಿಟ್ಟಾಳ ಅಂದ್ರ ಈ ಅಣ್ಣನ್ನ ಯಾರ ಕೇಳ್ತಾರ?" ಎಂದು ಸಿಟ್ಟಿನ ನಟನೆ ಮಾಡಿದ. ಆಮೇಲೆ ತಂಗಿಯತ್ತ ತಿರುಗಿ ದನಿ ತಗ್ಗಿಸಿದ. "ನಂದೇನ ಅಡ್ಡಿ ಇಲ್ಲವ್ವಾ. ಆದ್ರ ನಿನ್ನ ಮನಸ ನಿನ್ನ ಬಾಯಿಂದಲೇ ಕೇಳಬೇಕು. ಮದುವಿಯಾಗ ಗಂಡನ ಹೆಸರ ಸೇರಿಸಿ ಹೇಳೋ ಒಡಪು ಈಗೇ ಹೇಳು. ಇಲ್ಲಾಂದ್ರ ಅಂವನ್ನ ಆ ಬಸ್ಸಿಗೇ ಹತ್ತಿಸ್ತೀನಿ."

ಬಸ್ಸು ಹಾರ್ನ್ ಹೊಡೆಯಿತು. ತುಳಜಾ ಗಾಬರಿಯಿಂದ ಬಸ್ಸು ನೋಡಿದಳು, ಅವನನ್ನು ನೋಡಿದಳು. ಕೈ ಕೆಳಗಿಳಿದವು.

"ಏಕತಾರಿಗಿ ಒಂದೇ ತಂತಿ, ನನಗೂ ಒಂದೇ ಮಾತ,
ಬಸ್ಸ ಹೋದ್ರ ಹೋಗ್ಲಿ, ನೀವ್ ಹೋಗಬ್ಯಾಡ್ರಿ ವೈಜನಾಥ!"

ಮುನ್ನಿ ಬೀ ಇಬ್ಬರಿಗೂ ದೃಷ್ಟಿ ನಿವಾಳಿಸಿ ಲಟಿಕೆ ಮುರಿದಳು. ಬಸ್ಸು ಹೋಯಿತು. ವೈಜನಾಥ ತುಂಬಿದ ಕಣ್ಣಲ್ಲೇ ಏಕತಾರಿಯನ್ನು ಹೆಗಲಿನಿಂದ ಇಳಿಸಿ ಅಂಗಡಿಯೊಳಗೆ ಇಟ್ಟ.

ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬ ಬಂದು ಟೇಪಿನತ್ತ ಕೈ ತೋರಿಸಿದ. "ಇದು ಯಾರ ಹಾಡಿದ್ದವ್ವಾ?"

ತುಳಜಾ ಈ ಸಲ ನೆಲ ನೋಡಲಿಲ್ಲ. ವೈಜನಾಥನ ಕಣ್ಣಲ್ಲಿ ಕಣ್ಣಿಟ್ಟು, "ನಮ್ಮವ್ರು ಹಾಡ್ಯಾರ್ರಿ" ಅಂದಳು.